ನನ್ನಂಗ ಆಗಬ್ಯಾಡ

ಸೇಡಂ ಸೀಮೆಯ ಕುರಕುಂಟಾದ ಸಿಮೆಂಟ್ ಕಾರ್ಖಾನೆಯ ನೆರಳಿನಲ್ಲಿ ಬೆಳೆದವರನ್ನು ಮಾತಿಗೆಳೆದಾಗಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ. ನಿಮ್ಮಪ್ಪ ಏನು ಬುದ್ಧಿ ಹೇಳುತ್ತಿದ್ದರು ಎಂದು ಕೇಳಿದರೆ "ಪರ್ಮನೆಂಟ್ ಆಗು ಅಂತಿದ್ರು" ಎನ್ನುತ್ತಾರೆ. ಓದು, ಕುಡಿತಕ್ಕೆ ಬೀಳಬೇಡ, ಹಿರಿಯರಿಗೆ ತಗ್ಗಿ ನಡೆ, ಎಲ್ಲವೂ ಆ ಒಂದು ಮಾತಿನ ಹೊಟ್ಟೆಯೊಳಗೇ ಇದ್ದವು. ಪರ್ಮನೆಂಟ್ ಆದವನಿಗೆ ಕ್ವಾರ್ಟರ್ಸು, ಪಿ.ಎಫ್., ಮಗಳ ಮದುವೆಗೆ ಸಾಲ, ಮಗನಿಗೆ ಹುಡುಕಿಕೊಂಡು ಬರುವ ಹೆಣ್ಣು. ಕಾರ್ಖಾನೆ ಬೇರೆ ಕೇಂದ್ರ ಸರ್ಕಾರದ್ದು. 1965ರಲ್ಲಿ ಸ್ಥಾಪನೆಯಾದ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ ಇಲ್ಲಿ 1972ರಲ್ಲಿ ಉತ್ಪಾದನೆ ಶುರುಮಾಡಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಸಾಮರ್ಥ್ಯ. 72 ಎಂದರೆ ನಮ್ಮ ಕಡೆ ಈಗಲೂ ಬರಗಾಲದ ಹೆಸರು. ಹೊಲ ಬಿರಿದು, ಬಾವಿ ಬತ್ತಿ, ಮನೆಯಲ್ಲಿ ಜೋಳ ತೀರಿದ ವರ್ಷದಲ್ಲೇ ತಿಂಗಳ ಪಗಾರ ಎಂಬುದು ಊರಿಗೆ ಕಾಲಿಟ್ಟಿತು. ಮಳೆಯ ಹಂಗಿಲ್ಲದ ಅನ್ನವನ್ನು ಮೊದಲ ಸಲ ಕಂಡವನು ಮಕ್ಕಳಿಗೆ ಇನ್ನೇನು ತಾನೆ ಹೇಳಿಯಾನು?

ಸಿಮೆಂಟಿನ ಬೆಲೆಯ ಮೇಲಿದ್ದ ಸರ್ಕಾರಿ ಹಿಡಿತ 1982ರಲ್ಲಿ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಅಷ್ಟರಲ್ಲಿ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಎದ್ದು ನಿಂತಿದ್ದವು. ವಾಡಿಯಲ್ಲಿ ಎಸಿಸಿ 1968ರಿಂದಲೇ ಇತ್ತು. ಅವುಗಳ ದೊಡ್ಡ, ಹೊಸ ಯಂತ್ರಗಳ ಎದುರು ಕುರಕುಂಟಾದ ಚಿಕ್ಕ ಹಳೆಯ ಕಾರ್ಖಾನೆ ಏದುಸಿರು ಬಿಡತೊಡಗಿತು. 1996ರಲ್ಲಿ ನಿಗಮದ ಹೆಸರು ರೋಗಗ್ರಸ್ತ ಉದ್ಯಮಗಳ ಪಟ್ಟಿಗೆ ಸೇರಿತು. 1998ರಲ್ಲಿ ಕುರಕುಂಟಾದ ಚಿಮಣಿಯಲ್ಲಿ ಹೊಗೆ ನಿಂತಿತು. 2006ರ ಪುನಶ್ಚೇತನ ಯೋಜನೆಯಲ್ಲಿ ನಿಗಮ ಉಳಿಸಿಕೊಂಡಿದ್ದು ಮೂರೇ ಕಾರ್ಖಾನೆ: ಅಸ್ಸಾಮಿನ ಬೋಕಾಜಾನ್, ಹಿಮಾಚಲದ ರಾಜಬನ್, ಮತ್ತು ಇದೇ ರೈಲುಹಳಿ ಹಿಡಿದು ಮುಂದೆ ಹೋದರೆ ಸಿಗುವ ತಾಂಡೂರು.

ಇಪ್ಪತ್ತೈದು ವರ್ಷ ಮಕ್ಕಳ ಕಿವಿಯಲ್ಲಿ ಹೇಳಿಕೊಂಡು ಬಂದ ಮಾತನ್ನು ಆ ತಂದೆಯರು ಆಮೇಲೆ ಏನು ಮಾಡಿದರು? ಬಹುದಿನದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಸೀಮೆಯಲ್ಲಿ ತಂದೆತಾಯಿಗಳು ಬೆಳೆದ ಮಕ್ಕಳಿಗೆ ಏನೇನು ಹೇಳುತ್ತ ಬಂದಿದ್ದಾರೆ, ಅದರಲ್ಲಿ ಯಾವುದು ಬಾಳಿಕೆ ಬಂತು, ಯಾವುದು ಕೈಕೊಟ್ಟಿತು ಎಂದು ಒಮ್ಮೆ ತಿರುವಿ ನೋಡಬೇಕು ಅನ್ನಿಸಿತು.

ಮಾತು ಕೈಕೊಟ್ಟಿದ್ದು ಕುರಕುಂಟಾದಲ್ಲೇ ಮೊದಲೇನಲ್ಲ. ಅದಕ್ಕೂ ಹಿಂದಿನ ತಲೆಮಾರಿನ ಬುದ್ಧಿಮಾತು "ಉರ್ದು ಕಲಿ" ಎಂಬುದಾಗಿತ್ತು. ಹೈದರಾಬಾದ್ ಸಂಸ್ಥಾನ 1884ರಲ್ಲಿ ಪಾರ್ಸಿಯನ್ನು ಬಿಟ್ಟು ಉರ್ದುವನ್ನು ಆಡಳಿತ ಭಾಷೆ ಮಾಡಿಕೊಂಡಿತು. 1918ರಲ್ಲಿ ಉರ್ದುವಿನಲ್ಲೇ ಕಲಿಸುವ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. ತಹಸೀಲಿನಲ್ಲಿ ಕುರ್ಚಿ ಸಿಗಬೇಕೆಂದರೆ ಉರ್ದು ಬರಲೇಬೇಕು. ನಮ್ಮ ಅಜ್ಜಂದಿರು ಕಷ್ಟಪಟ್ಟು ಕಲಿತರು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ಈ ಸೀಮೆ ಕನ್ನಡ ರಾಜ್ಯಕ್ಕೆ ಸೇರಿತು. ನಲವತ್ತು ದಾಟಿದವರು ಮತ್ತೆ ಕನ್ನಡದ ಅರ್ಜಿ ಬರೆಯಲು ಕೂತರು. ಆ ಬುದ್ಧಿಮಾತಿನಿಂದ ಉಳಿದದ್ದು ನಮ್ಮ ಬಾಯಲ್ಲಿರುವ ಶಬ್ದಗಳು: ನೌಕರಿ, ದರಖಾಸ್ತು, ಪಟ್ಟಾ, ತಕರಾರು.

ಈ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ತಿಳಿದದ್ದು ಇಷ್ಟು. ಬುದ್ಧಿಮಾತು ಎಂದರೆ ಅಪ್ಪ ತನ್ನ ಕಥೆಯನ್ನೆಲ್ಲ ತೆಗೆದುಹಾಕಿ ಕೈಗಿಡುವ ಕೊನೆಯ ಸಾಲು. "ಉರ್ದು ಕಲಿ" ಎಂಬುದರ ಹಿಂದೆ, ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಮುತ್ತಾತನೊಬ್ಬ ಇರುತ್ತಾನೆ. "ಪರ್ಮನೆಂಟ್ ಆಗು" ಎಂಬುದರ ಹಿಂದೆ 72ರ ಬರ ಇರುತ್ತದೆ. ಕಾಲ ಬದಲಾದಾಗ ಆ ಸಾಲು ಸಾಯುತ್ತದೆ. ಕಥೆ ಸಾಯುವುದಿಲ್ಲ, ಓದದೆ ಸಹಿ ಮಾಡಬಾರದು ಎಂಬುದು ಉರ್ದುವಿಗೂ ಅನ್ವಯಿಸುತ್ತದೆ, ಮೊಬೈಲಿನಲ್ಲಿ ಬರುವ ಸಾಲದ ಕರಾರಿಗೂ ಅನ್ವಯಿಸುತ್ತದೆ. ನಾವು ಮಾತ್ರ ಕಥೆ ಮುಚ್ಚಿಟ್ಟು ಸಾಲನ್ನಷ್ಟೇ ಮಕ್ಕಳಿಗೆ ಕೊಡುತ್ತೇವೆ.

ಶಹಾಬಾದ್, ಚಿತ್ತಾಪುರದ ಕಡೆಯ ಫರ್ಸಿ ಖಣಿಗಳಲ್ಲಿ ಮಾತಿನ ಧಾಟಿಯೇ ಬೇರೆ. ಅಲ್ಲಿಯ ಅಪ್ಪ ಇಂಥದು ಆಗು ಎನ್ನುವುದಿಲ್ಲ. "ನನ್ನಂಗ ಆಗಬ್ಯಾಡ" ಎನ್ನುತ್ತಾನೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು, ಕಾಲಕೆಳಗೆ ಕಾದ ಬಂಡೆ, ಮೂಗಿನೊಳಗೆ ಬಿಳಿ ಧೂಳು. ನಲವತ್ತೈದಕ್ಕೆಲ್ಲ ಕೆಮ್ಮು ಶುರುವಾಗುತ್ತದೆ. ಉಗುರು ಜಜ್ಜಿಹೋಗದ ಬೆರಳು ಒಬ್ಬರ ಕೈಯಲ್ಲೂ ಇರುವುದಿಲ್ಲ. ಮಗ ಇಲ್ಲಿಗೆ ಬರಬಾರದು ಎಂದು ಅವನು ಬಯಸುವುದರಲ್ಲಿ ಏನು ತಪ್ಪು?

ನಮ್ಮಪ್ಪನೂ ಖಣಿಯಲ್ಲಿ ದುಡಿದವನು. ರಜೆಯಲ್ಲಿ ಬುತ್ತಿ ತೆಗೆದುಕೊಂಡು ಹೋದಾಗ ಅವನ ಕೆಲಸ ನೋಡುತ್ತ ನಿಲ್ಲುತ್ತಿದ್ದೆ. ನಮ್ಮ ಕಲ್ಲು ಪುಸ್ತಕದ ಹಾಳೆಯ ಹಾಗೆ ಪದರ ಪದರವಾಗಿ ಮಲಗಿರುತ್ತದೆ. ಅಪ್ಪ ಬಂಡೆಯ ಅಂಚಿಗೆ ಒಂದು ಬೊಗಸೆ ನೀರು ಚೆಲ್ಲುತ್ತಿದ್ದ. ಬಿಸಿಲಿಗೆ ನೀರು ಆರುತ್ತ ಬಂದ ಹಾಗೆ ಪದರಗಳ ಸಂದಿನಲ್ಲಿ ಮಾತ್ರ ಕೂದಲೆಳೆಯಂಥ ಒದ್ದೆ ಗೆರೆ ಉಳಿಯುತ್ತಿತ್ತು. ಆ ಗೆರೆಯ ಮೇಲೆ ಚಾಣ ಇಟ್ಟು, ಒಂದು ಗೇಣಿಗೊಂದರಂತೆ ಸಣ್ಣಸಣ್ಣ ಏಟು ಹಾಕುತ್ತ ಹೋಗುತ್ತಿದ್ದ. ಟಣ್ ಟಣ್ ಎನ್ನುತ್ತಿದ್ದ ಕಲ್ಲು ಒಂದು ಹೊತ್ತಿನಲ್ಲಿ ಡಬ್ ಎಂದು ಮಂದವಾಗಿ ಸಪ್ಪಳ ಮಾಡುತ್ತಿತ್ತು. ಅಪ್ಪ ಅಲ್ಲಿಗೆ ಸುತ್ತಿಗೆ ಕೆಳಗಿಡುತ್ತಿದ್ದ.

"ಯಾಕ ನಿಂದ್ರಿಸಿದಿ ಅಪ್ಪಾ?"

"ಕಲ್ಲು ಬಿಟ್ಟದ ತಮ್ಮಾ. ಇನ್ನೊಂದು ಏಟು ಹಾಕಿದ್ರ ನಡುಮುರೀತದ."

ಆಮೇಲೆ ಹಾರೆ ಹಾಕಿ ಮೆಲ್ಲಗೆ ಮೀಟಿದರೆ ಆಳೆತ್ತರದ ಹಾಸು ಮುಕ್ಕಾಗದೆ ಎದ್ದು ಬರುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ. ಮನೆಯ ಜಗಳದಲ್ಲಿ, ಆಫೀಸಿನ ತಕರಾರಿನಲ್ಲಿ, ಮಗಳಿಗೆ ಬೈಯುವಾಗ, ಆ ಡಬ್ ಎಂಬ ಸಪ್ಪಳ ಎಷ್ಟು ಸಲ ನನ್ನ ಕೈ ಹಿಡಿದಿದೆಯೋ. ಅಪ್ಪನಿಗೆ ಮಾತ್ರ ಅದು ಬುದ್ಧಿಮಾತು ಅನ್ನಿಸಿಯೇ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವನ ಬುದ್ಧಿಮಾತು ಬೇರೆಯದೇ ಇರುತ್ತಿತ್ತು: "ನನ್ನಂಗ ಆಗಬ್ಯಾಡ."

ಈ ಮಾತಿನ ಪ್ರೀತಿ ನನಗೆ ಗೊತ್ತು. ಆದರೂ ಇದರಿಂದ ಆದ ಹಾನಿಯನ್ನು ಹೇಳದೆ ಇರಲಾರೆ. ಹತ್ತು ವರ್ಷ ದಿನಾ ಈ ಮಾತು ಕೇಳಿದ ಹುಡುಗನಿಗೆ ಅಪ್ಪನ ಕೈಯಲ್ಲಿರುವುದು ವಿದ್ಯೆ ಎಂದು ಕಾಣುವುದೇ ಇಲ್ಲ. ಅಪ್ಪನ ಕೆಲಸ ಕೀಳು, ತನ್ನ ಕೆಲಸ ಇನ್ನೂ ಬಂದಿಲ್ಲ. ಬಿ.ಎ. ಮುಗಿಸಿ, ಐಟಿಐ ಮುಗಿಸಿ, ನಡುವೆ ನಿಂತುಬಿಟ್ಟ ಎಷ್ಟು ಮಂದಿ ವಾಡಿ, ಸೇಡಂನ ಚಹಾದ ಅಂಗಡಿಗಳ ಮುಂದೆ ಸಿಗುತ್ತಾರೆ! ಸುತ್ತ ಕಾರ್ಖಾನೆಗಳಿಗೇನೂ ಕೊರತೆಯಿಲ್ಲ. ಕೊಡ್ಲಾ, ಇಟಗಾ, ಚಿಂಚೋಳಿ ಸೀಮೆಯ ಕಲ್ಲೂರು, ಛತ್ರಸಾಲ, ಹೊಸ ಚಿಮಣಿಗಳು ಏಳುತ್ತಲೇ ಇವೆ. ಆದರೆ ಇಂದಿನ ಕಾರ್ಖಾನೆಯನ್ನು ಒಂದು ಕೋಣೆಯೊಳಗೆ ಕಂಪ್ಯೂಟರ್ ಮುಂದೆ ಕೂತ ನಾಲ್ಕಾರು ಜನ ಓಡಿಸುತ್ತಾರೆ. ಚೀಲ ತುಂಬುವುದು, ಲೋಡ್ ಮಾಡುವುದು, ಗುಡಿಸುವುದು ಗುತ್ತಿಗೆದಾರನ ಪಾಲು. ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂದದ್ದು 1970ರಲ್ಲಿ. ಆಗ ಹುಟ್ಟಿದ ಹುಡುಗರಿಗೆ ಈಗ ಮೊಮ್ಮಕ್ಕಳಾಗಿದ್ದಾರೆ, ಗುತ್ತಿಗೆ ಹೋಗಿಲ್ಲ.

ಪರ್ಮನೆಂಟ್ ಎಂಬ ಮಾತು ಈಗ ಬೇರೆ ಉಡುಪು ತೊಟ್ಟು ಬರುತ್ತದೆ. "371ಜೆ ಸರ್ಟಿಫಿಕೇಟ್ ಮಾಡಿಸಿಟ್ಕೋ" ಎನ್ನದ ತಂದೆಯನ್ನು ಈ ಸೀಮೆಯಲ್ಲಿ ಹುಡುಕಬೇಕು. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ವಿಧಿ ಅದು. ಇಲ್ಲಿಯ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ನಮ್ಮ ಮಕ್ಕಳಿಗೆ. ಸ್ಥಳೀಯ ಸರ್ಕಾರಿ ಹುದ್ದೆಗಳಲ್ಲೂ ಪಾಲಿದೆ. ಇದು ಗಟ್ಟಿಯಾದ ಬುದ್ಧಿಮಾತು, ನಾನೂ ಹೇಳುತ್ತೇನೆ. ಎಂಜಿನಿಯರು, ಡಾಕ್ಟರು ಆದ ನಮ್ಮ ಹುಡುಗಿಯರನ್ನು ನೋಡಿದಾಗ ಆ ಕಾಗದದ ಬೆಲೆ ತಿಳಿಯುತ್ತದೆ.

ಸಾಲದ ವಿಷಯಕ್ಕೆ ಬಂದರೆ ಹಿರಿಯರದು ಒಂದೇ ಮಾತು: ಹಾಸಿಗೆ ಇದ್ದಷ್ಟು ಕಾಲು ಚಾಚು. ಹೇಳುವವರು ಚಾಚದೆ ಇದ್ದವರೇನಲ್ಲ. ತೊಗರಿ ನೆಟೆ ರೋಗಕ್ಕೆ ಒಣಗಿದ ವರ್ಷ, ಮಗಳ ಮದುವೆ ಗೊತ್ತಾದ ವರ್ಷ, ಸಾವಕಾರನ ಮನೆಗೆ ಹೋಗದವರು ಯಾರು? ನೂರಕ್ಕೆ ಮೂರು ಎಂದರೆ ಸಣ್ಣದಾಗಿ ಕೇಳಿಸುತ್ತದೆ. ತಿಂಗಳಿಗೆ ಮೂರು ಎಂದರೆ ವರ್ಷಕ್ಕೆ 36. ಅಪ್ಪ ಆ ಲೆಕ್ಕವನ್ನು ಮಗನ ಮುಂದೆ ಕೂತು ಒಮ್ಮೆ ಮಾಡಿ ತೋರಿಸಿದರೆ ಸಾಕು, ಗಾದೆಯೇ ಬೇಕಾಗುವುದಿಲ್ಲ. ಸಂಘದ ಸಾಲ, ಮೈಕ್ರೊಫೈನಾನ್ಸ್ ಸಾಲಗಳ ವಸೂಲಿಯ ಕಾಟಕ್ಕೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಷ್ಟು ಹೊತ್ತಿಗೆ ಎಷ್ಟು ಮನೆಗಳ ಬಾಗಿಲು ಮುಚ್ಚಿದ್ದವು! ಎಷ್ಟೋ ಮನೆಯಲ್ಲಿ ಅವ್ವನ ಸಾಲ ಮಗನಿಗೆ ಗೊತ್ತಿರಲಿಲ್ಲ, ಮಗನ ಬೈಕಿನ ಕಂತು ಅವ್ವನಿಗೆ ಗೊತ್ತಿರಲಿಲ್ಲ.

ಹೆಣ್ಣುಮಕ್ಕಳಿಗೆ ಹೇಳುವ ಬುದ್ಧಿಯನ್ನು ಪ್ರತ್ಯೇಕವಾಗಿಯೇ ನೋಡಬೇಕು. ಅದನ್ನು ಹೇಳುವವಳು ಅವ್ವ, ಹೇಳುವ ಜಾಗ ಅಡುಗೆಮನೆ, ಹೇಳುವ ಹೊತ್ತು ಅಣ್ಣತಮ್ಮಂದಿರ ಪಾಲಿನ ಮಾತು ಎದ್ದಾಗ. "ಸಹಿ ಮಾಡಿಬಿಡವ್ವಾ. ತವರಿನ ದಾರಿ ಮುಚ್ಚಬಾರದು." ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ತಿದ್ದುಪಡಿಯೇ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತ್ತು. 2005ರಲ್ಲಿ ಇಡೀ ದೇಶಕ್ಕೆ ಆ ಹಕ್ಕು ಬಂತು. ಅದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಸಬ್ ರಿಜಿಸ್ಟ್ರಾರ್ ಆಫೀಸಿನ ಕಟ್ಟೆಯ ಮೇಲೆ, ತಲೆಯ ಮೇಲೆ ಸೆರಗು ಹೊದ್ದು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಕೂತ ಅಕ್ಕತಂಗಿಯರು ಇಂದಿಗೂ ಸಿಗುತ್ತಾರೆ.

ಅವ್ವನನ್ನು ಬೈಯುವುದು ಸುಲಭ. ಅವಳ ಲೆಕ್ಕ ಕೇಳಿ. ನಾಗರ ಪಂಚಮಿಗೆ ಅಣ್ಣ ಕರೆಯಲು ಬರಬೇಕು, ಹೆರಿಗೆಗೆ ತವರಿಗೆ ಬರಬೇಕು, ಗಂಡ ಹೊಡೆದ ರಾತ್ರಿ ತಟ್ಟಲು ಒಂದು ಬಾಗಿಲು ಬೇಕು. ಎರಡು ಎಕರೆ ಹೊಲಕ್ಕಿಂತ ಆ ಬಾಗಿಲು ದೊಡ್ಡದು ಎಂಬುದು ಅವಳು ಬದುಕಿ ಕಂಡ ಸತ್ಯ. ಆದರೆ ಆ ಬಾಗಿಲು ಅವಳಿಗೆ ನಿಜವಾಗಿ ತೆರೆದಿತ್ತೇ? ತಾನು ಸಹಿ ಮಾಡಿದ ಮೇಲೆ ಅಣ್ಣ ಎಷ್ಟು ಪಂಚಮಿಗೆ ಬಂದ, ಅತ್ತಿಗೆಯ ಕೈಯಲ್ಲಿ ಮನೆ ಬಂದ ಮೇಲೆ ಏನಾಯಿತು ಎಂದು ಮಗಳಿಗೆ ಹೇಳಿದ ತಾಯಂದಿರು ಕಡಿಮೆ. ಅದನ್ನು ಹೇಳಬೇಕು. ಅದನ್ನು ಕೇಳಿದ ಮೇಲೂ ಮಗಳು ಸಹಿ ಮಾಡಿದರೆ ಅದು ಅವಳ ಇಷ್ಟ. ಅದನ್ನು ಹೇಳದೆ ಸಹಿ ಮಾಡಿಸಿದರೆ ಅದು ಬುದ್ಧಿಮಾತಲ್ಲ, ಮೋಸ. ಈ ಮಾತನ್ನು ನಾನು ಮೆತ್ತಗೆ ಹೇಳಲಾರೆ.

ಇಷ್ಟೆಲ್ಲ ಓಡಾಡಿದ ಮೇಲೆ ಎರಡು ಹಳೆಯ ಜಾಗಗಳಿಗೆ ಹೋಗಬೇಕು ಅನ್ನಿಸುತ್ತದೆ. ಎರಡೂ ಇದೇ ನೆಲದವು.

ಒಂದು, ಚಿತ್ತಾಪುರ ತಾಲ್ಲೂಕಿನ ಸನ್ನತಿ, ಭೀಮಾ ನದಿಯ ದಂಡೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಸೂರು ಕುಸಿಯಿತು. ದೇವಿಯ ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಬ್ರಾಹ್ಮೀ ಅಕ್ಷರ. ಅಶೋಕನ ಶಾಸನ. ಮೂರ್ತಿ ನಿಲ್ಲಿಸಲೆಂದು ನಡುವೆ ಕೊರೆದ ಚೌಕದ ಗುಳಿಯಲ್ಲಿ ಒಂದಿಷ್ಟು ಅಕ್ಷರ ಹೋಗಿಬಿಟ್ಟಿದ್ದವು. ಪ್ರತ್ಯೇಕ ಶಾಸನಗಳೆಂದು ಕರೆಯುವ ಪಾಠ ಒಡಿಶಾದ ಧೌಲಿ, ಜೌಗಡ ಬಿಟ್ಟರೆ ಸಿಕ್ಕಿರುವುದು ಇಲ್ಲೇ. ಎಲ್ಲ ಮನುಷ್ಯರೂ ನನ್ನ ಮಕ್ಕಳು, ಹೆತ್ತ ಮಕ್ಕಳಿಗೆ ಏನು ಬಯಸುತ್ತೇನೋ ಅದನ್ನೇ ಎಲ್ಲರಿಗೂ ಬಯಸುತ್ತೇನೆ ಎಂಬ ಪ್ರಸಿದ್ಧ ಮಾತು ಈ ಶಾಸನಗಳದು. ಅಧಿಕಾರಿಗಳಿಗೆ ಅವನು ಕೊಡುವ ಬುದ್ಧಿಯೂ ತಂದೆಯದೇ: ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಅವಸರ, ಸೋಮಾರಿತನ, ದಣಿವು, ಇವು ಕೆಲಸ ಕೆಡಿಸುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪಾಠದ ಇನ್ನೊಂದು ಕಟ್ಟಳೆ. ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಹೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಹೇಳಬೇಕು. ಕಳಿಂಗದಲ್ಲಿ ತಾನು ಮಾಡಿದ ಕೊಲೆಯನ್ನು ಬೇರೆ ಕಲ್ಲುಗಳ ಮೇಲೆ ತಾನೇ ಕೆತ್ತಿಸಿದ ದೊರೆ ಈತ. ತನ್ನ ತಪ್ಪನ್ನು ಒಪ್ಪಿಕೊಂಡವನು ಹೇಳಿದ್ದರಿಂದಲೇ ಆ ಮಾತಿಗೆ ತೂಕ ಬಂತು ಎಂದು ನನ್ನ ನಂಬಿಕೆ.

ಎರಡನೆಯದು ಮಳಖೇಡ. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ 814ರ ಸುಮಾರಿಗೆ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಅಪ್ಪ ಮೂರನೆಯ ಗೋವಿಂದ ತೀರಿಕೊಂಡಿದ್ದ. ಹೆಗಲ ಮೇಲೆ ಸಾಮ್ರಾಜ್ಯ, ಕಿವಿಯ ಹತ್ತಿರ ಬುದ್ಧಿ ಹೇಳುವ ಅಪ್ಪ ಇಲ್ಲ. ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಪ್ರಶ್ನೋತ್ತರ ರತ್ನಮಾಲಿಕೆ ಎಂಬ ಪುಟ್ಟ ಸಂಸ್ಕೃತ ಕೃತಿಯೂ ಅವನದೆನ್ನುತ್ತಾರೆ. ಶಂಕರಾಚಾರ್ಯರದೆನ್ನುವವರೂ ಇದ್ದಾರೆ, ಆದರೆ ಟಿಬೆಟನ್ ಅನುವಾದದಲ್ಲಿ ಅಮೋಘವರ್ಷನ ಹೆಸರಿದೆ, ವಿವೇಕದಿಂದ ರಾಜ್ಯ ಬಿಟ್ಟ ದೊರೆಯ ರಚನೆ ಎಂಬ ಮಾತೂ ಕೃತಿಯ ಕೊನೆಯಲ್ಲಿ ಬರುತ್ತದೆ. ಜೀವನದ ಬುದ್ಧಿಮಾತುಗಳೇ ತುಂಬಿರುವ ಆ ಕೃತಿಯ ಸೊಗಸು ಅದರ ಕಟ್ಟಿನಲ್ಲಿದೆ. ಅಲ್ಲಿ ಮೊದಲು ಬರುವುದು ಪ್ರಶ್ನೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಯಾರೋ ಕೇಳುತ್ತಾರೆ, ಆಮೇಲೆ ಹಿರಿಯನ ಬಾಯಿ ತೆರೆಯುತ್ತದೆ. ನಮ್ಮ ಮನೆಗಳಲ್ಲಿ ಉತ್ತರಗಳು ದಂಡಿಯಾಗಿವೆ. ಯಾರೂ ಏನೂ ಕೇಳಿರುವುದಿಲ್ಲ.

ಊರು ಬಿಡುವುದರ ಬಗ್ಗೆಯೂ ಎರಡು ಮಾತು. ಮುಂಬಯಿಯ ಕಡೆಯಿಂದ ಬಂದ ರೈಲು 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಚಿತ್ತಾಪುರ, ಸೇಡಂ, ಕುರಕುಂಟಾ ಅದೇ ಹಳಿಯ ಮೇಲಿವೆ. ಅಂದಿನಿಂದ ಈ ಸೀಮೆಯ ಮಕ್ಕಳ ಮುಂದೆ ಎರಡು ಬಾಗಿಲು, ಹೈದರಾಬಾದ್ ಮತ್ತು ಮುಂಬಯಿ. ಚಿಂಚೋಳಿ, ಚಿತ್ತಾಪುರದ ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ದುಡಿಯುವವರು ಮುಂಬಯಿ, ಪುಣೆಗೆ ಹೊರಟರೆ ಮನೆಯಲ್ಲಿ ಉಳಿಯುವುದು ಅಜ್ಜ, ಅಜ್ಜಿ, ಮೊಮ್ಮಕ್ಕಳು. "ಹೋಗು, ಇಲ್ಲೇನದ" ಎನ್ನುವ ಅದೇ ಬಾಯಿ "ಹೊಲ ಮಾತ್ರ ಮಾರಬ್ಯಾಡ" ಎಂದೂ ಹೇಳುತ್ತದೆ. ಒಣಬೇಸಾಯದ ಎರಡು ಎಕರೆಗೆ ಇಷ್ಟು ಜೋತುಬೀಳುವುದೇಕೆ ಎಂದು ಓದಿದ ಮಕ್ಕಳು ಬೇಸರಪಡುತ್ತಿದ್ದರು. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದಿಂದ ಮಂದಿ ಬುಟ್ಟಿ, ಮಕ್ಕಳನ್ನು ಹೊತ್ತು ತಿರುಗಿ ಬಂದರು, ಊರ ಶಾಲೆಗಳಲ್ಲಿ ಹದಿನಾಲ್ಕು ದಿನ ಕೂತರು. ಆ ಮಳೆಗಾಲದಲ್ಲಿ ಅದೇ ಎರಡು ಎಕರೆಗೆ ತೊಗರಿ ಬಿತ್ತಿದರು. ಬುದ್ಧಿಮಾತು ಅಕ್ಷರಶಃ ನಿಜವಾಗಿ ನಿಂತದ್ದನ್ನು ನಾನು ಅಷ್ಟು ನೇರವಾಗಿ ಕಂಡದ್ದು ಅದೊಂದೇ ಸಲ.

ಹಿರಿಯರು ಹಿರಿಯರಿಗೇ ಹೇಳಿಕೊಳ್ಳುವ ಬುದ್ಧಿ ಒಂದಿದೆ, ಕಟ್ಟೆಯ ಮೇಲೆ ದನಿ ತಗ್ಗಿಸಿ ಹೇಳುವಂಥದ್ದು: ಜೀವ ಇರೋತನಕ ಹೊಲ ಮಕ್ಕಳ ಹೆಸರಿಗೆ ಮಾಡಬ್ಯಾಡ. ಮಾಡಿ ಕೈಸುಟ್ಟುಕೊಂಡವರಿಗೆ 2007ರ ಪಾಲಕರ ಪೋಷಣೆ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿದರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟಿದ್ದು, ಮಕ್ಕಳು ನೋಡಿಕೊಳ್ಳದಿದ್ದರೆ ಅದನ್ನು ರದ್ದು ಮಾಡಿಸಲು ಕಲಂ 23 ಇದೆ. ಆ ಷರತ್ತನ್ನು ಪತ್ರದಲ್ಲೇ ಬರೆಸಿರಿ ಎಂದು ನಾನು ಎಲ್ಲ ಹಿರಿಯರಿಗೂ ಹೇಳುತ್ತೇನೆ. ಮಕ್ಕಳ ಮೇಲೆ ನಂಬಿಕೆ ಇರುವವರಿಗೆ ಇನ್ನೂ ಒತ್ತಿ ಹೇಳುತ್ತೇನೆ.

ಹಿಂದಿನ ಎಳ್ಳಮವಾಸ್ಯೆಗೆ ಪರಿಚಯದವರೊಬ್ಬರು ಕುರಕುಂಟಾದ ಹತ್ತಿರದ ತಮ್ಮ ಹೊಲಕ್ಕೆ ಕರೆದಿದ್ದರು. ಕಾರ್ಖಾನೆಯಲ್ಲಿ ದುಡಿದು, ಅದು ನಿಂತ ಮೇಲೆ ಸ್ವಯಂನಿವೃತ್ತಿಯ ಇಡಿಗಂಟು ತೆಗೆದುಕೊಂಡು ಮನೆಗೆ ಬಂದವರು. ಮಗಳು ಹೈದರಾಬಾದಿನಿಂದ ಬಂದಿದ್ದಳು, ಮನೆ ಕೊಳ್ಳಲು ಬ್ಯಾಂಕ್ ಸಾಲದ ಓಡಾಟದಲ್ಲಿದ್ದಳು. ತೊಗರಿ ಕಾಯಿ ಕಟ್ಟಿ ಬಾಗಿತ್ತು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿ, ಚರಗ ಚೆಲ್ಲುತ್ತ ಹೊಲ ಸುತ್ತಿ ಬಂದು, ಎಲ್ಲರೂ ಸಜ್ಜಿ ರೊಟ್ಟಿ, ಭಜ್ಜಿ ಹಚ್ಚಿಕೊಂಡು ಕೂತೆವು. ಅಪ್ಪನಿಗೆ ಮಾತು ಬಂತು.

"ಇಷ್ಟು ದೊಡ್ಡ ಸಾಲ ಮಾಡಬ್ಯಾಡವ್ವಾ. ಹಾಸಿಗಿ ಇದ್ದಷ್ಟೇ..."

"ಅಪ್ಪಾ," ಎಂದಳು ಮಗಳು, "ನಿನಗ ಬಂದಿತ್ತಲ್ಲ ಇಡಿಗಂಟು, ಅದೇನಾತು?"

ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು. ಹೆಂಡತಿ ತಲೆ ಎತ್ತಿ ನೋಡಿದರು. ಅವರಿಗೂ ಅದು ಪೂರ್ತಿ ಗೊತ್ತಿಲ್ಲ ಎಂದು ನನಗೆ ಅನ್ನಿಸಿತು. ಸ್ವಲ್ಪ ಹೊತ್ತು ಗಾಳಿಗೆ ತೊಗರಿ ಕಾಯಿ ಗಲಗಲ ಎನ್ನುವುದಷ್ಟೇ ಕೇಳುತ್ತಿತ್ತು.

"ಅರ್ಧ ನಿನ್ನ ಕಾಕಾನ ಟೆಂಪೋಕ್ಕ ಹೋತು," ಎಂದರು. "ಆಂವ ಕೇಳಲಿಲ್ಲ. ನಾನೇ ಕೊಟ್ಟೆ. ಕೈಯಾಗ ರೊಕ್ಕ ಇತ್ತಲ್ಲ, ಊರಾಗ ಇನ್ನೂ ಮಂದಿ ನಮಸ್ಕಾರ ಮಾಡ್ತಿದ್ರು. ಅದು ಹೋಗಬಾರದು ಅನಸ್ತು."

"ಉಳದಿದ್ದು?"

ಅವರು ಮಗಳ ತಟ್ಟೆಗೆ ಇನ್ನೊಂದು ಸೌಟು ಭಜ್ಜಿ ಹಾಕಿದರು. ತಮ್ಮ ತಟ್ಟೆಯನ್ನು ಪಕ್ಕಕ್ಕಿಟ್ಟು ಧೋತರದ ಚುಂಗಿಗೆ ಕೈ ಒರೆಸಿಕೊಂಡರು.

"ಕೂಡು," ಎಂದರು. "ಅದು ಉದ್ದ ಕಥಿ ಅದ."